ಬರೀ "ಸುಸ್ತು" ಅಂದರೆ ಸಾಲದು: ಥೈರಾಯ್ಡ್ ಅನುಮಾನವಿದ್ದಾಗ ಡಾಕ್ಟರ ಹತ್ತಿರ ಹೇಗೆ ಮಾತಾಡಬೇಕು

ಎರಡು ವರ್ಷದಲ್ಲಿ ಮೂವರು ಡಾಕ್ಟರು ನನಗೆ ಹೇಳಿದ್ದು ಒಂದೇ ಮಾತು. "ಟೆನ್ಷನ್ ಕಮ್ಮಿ ಮಾಡಿ, ವಾಕಿಂಗ್ ಮಾಡಿ." ಅರ್ಧ ಮೆಟ್ಟಿಲು ಹತ್ತಿ ಕೂತುಬಿಡುವವಳಿಗೆ ವಾಕಿಂಗ್! ನಾಲ್ಕನೆಯವರು ಕೇಳಿಸಿಕೊಂಡರು. ಅವರು ತಾಳ್ಮೆಯವರು, ನಿಜ. ಆದರೆ ಅಷ್ಟರಲ್ಲಿ ನಾನು ಹೇಳುವ ರೀತಿಯೂ ಬದಲಾಗಿತ್ತು.

ಮೊದಲೆಲ್ಲ "ಸುಸ್ತು ಡಾಕ್ಟ್ರೇ" ಅನ್ನುತ್ತಿದ್ದೆ. ಸುಸ್ತು ಯಾರಿಗಿಲ್ಲ ಹೇಳಿ, ಡಾಕ್ಟರಿಗೂ ಇರುತ್ತದೆ. ಆಮೇಲೆ ಆರು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಒಂಬತ್ತು ಗಂಟೆ ಮಲಗಿದರೂ ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುತ್ತದೆ. ಎಲ್ಲರೂ ಫ್ಯಾನ್ ಹಾಕಿಕೊಂಡರೆ ನನಗೆ ಸ್ವೆಟರ್. ಊಟ ಅಷ್ಟೇ ಇದೆ, ಐದು ತಿಂಗಳಲ್ಲಿ ತೂಕ ಆರು ಕೆಜಿ ಜಾಸ್ತಿ. ನಾಲ್ಕು ದಿನದ ಮುಟ್ಟು ಎಂಟು ದಿನ. ಬೆಳಿಗ್ಗೆ ನಾಡಿ 54.

ನೀವೂ ಹೀಗೇ ಬರೆಯಿರಿ: ಯಾವಾಗ ಶುರುವಾಯಿತು, ಎಷ್ಟು, ಅದರಿಂದ ಯಾವ ಕೆಲಸ ಕೆಟ್ಟಿತು. ಈ ಕೊನೆಯದ್ದೇ ಮುಖ್ಯ. "ಮರೆವು ಜಾಸ್ತಿ" ಅಂದಾಗ ಯಾರೂ ತಲೆಯೆತ್ತಲಿಲ್ಲ. "ಒಂದೇ ವಾರದಲ್ಲಿ ಎರಡು ಸಲ ಒಲೆ ಆರಿಸಲು ಮರೆತೆ" ಅಂದಾಗ ನಾಲ್ಕನೆಯವರು ಪೆನ್ ಕೆಳಗಿಟ್ಟರು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಇದ್ದರೆ ಅದನ್ನೇ ಮೊದಲು ಹೇಳಿ. ಅಮ್ಮನಿಗಿತ್ತು; ಯಾರೂ ಕೇಳಲಿಲ್ಲ, ನಾನೂ ಹೇಳಿರಲಿಲ್ಲ.

"ರಿಪೋರ್ಟ್ ನಾರ್ಮಲ್" ಅಂದರೆ ಸುಮ್ನೆ ಎದ್ದು ಬರಬೇಡಿ, ಕಾಪಿ ಕೇಳಿ ತಗೊಳ್ಳಿ. ಅದರಲ್ಲಿ ಟಿಎಸ್‌ಎಚ್ ಎಷ್ಟಿದೆ ನೋಡಿ. ಟಿಎಸ್‌ಎಚ್ ಅನ್ನೋದು ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನಲ್ಲ. ತಲೆಯೊಳಗಿನ ಪಿಟ್ಯುಟರಿ ಗ್ರಂಥಿ "ಕೆಲಸ ಮಾಡು" ಅಂತ ಥೈರಾಯ್ಡನ್ನು ಎಬ್ಬಿಸುವ ಕೂಗು ಅದು. ಸಾಮಾನ್ಯವಾಗಿ ಥೈರಾಯ್ಡ್ ಮಂದವಾದಷ್ಟೂ ಕೂಗು ಏರುತ್ತದೆ. ದೊಡ್ಡವರಲ್ಲಿ ಸುಮಾರು 0.4ರಿಂದ 4ರವರೆಗೆ ನಾರ್ಮಲ್ ಅನ್ನುತ್ತಾರೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ನನ್ನದು ಮೊದಲು 3.9, ಎಂಟು ತಿಂಗಳ ಮೇಲೆ 7.2. ಎರಡೂ ಹಾಳೆ ಪಕ್ಕಪಕ್ಕ ಇಟ್ಟ ಮೇಲೆ ವಾದವೇ ಬೇಕಾಗಲಿಲ್ಲ. ಜೊತೆಗೆ ಫ್ರೀ ಟಿ4, ಆಂಟಿ ಟಿಪಿಒ ಅನ್ನುವ ರಕ್ತಪರೀಕ್ಷೆ ಮಾಡಿಸಬಹುದೇ ಅಂತ ಕೇಳಿ. ಥೈರಾಯ್ಡ್ ಮಾಡುವ ಹಾರ್ಮೋನು ಎಷ್ಟಿದೆ ಅಂತ ಮೊದಲನೆಯದು ಹೇಳುತ್ತದೆ. ನಮ್ಮ ದೇಹವೇ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆಯೇ ಅನ್ನುವ ಸುಳಿವು ಎರಡನೆಯದರಲ್ಲಿ ಸಿಗುತ್ತದೆ. ಜಪಾನಿನ ಡಾಕ್ಟರ್ ಹಾಶಿಮೊಟೊ 1912ರಲ್ಲಿ ವಿವರಿಸಿದ ಕಾಯಿಲೆ ಇದೇ, ನನಗೂ ಇದ್ದದ್ದು ಅದೇ.

ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ. ಅದು ರಿಪೋರ್ಟನ್ನೇ ತಪ್ಪಾಗಿ ತೋರಿಸಬಹುದು. ಪರೀಕ್ಷೆಗೆ ರಕ್ತ ಕೊಡುವ ಮೊದಲು ಕಮ್ಮಿಯೆಂದರೆ ಎರಡು ದಿನ ನಿಲ್ಲಿಸಿ.

ಇನ್ನು ಕೇಳಬೇಕಾದ ಪ್ರಶ್ನೆ. "ಥೈರಾಯ್ಡ್ ಅಲ್ಲ ಅಂತ ಯಾವುದರಿಂದ ಗೊತ್ತಾಯಿತು? ಅದಲ್ಲದಿದ್ದರೆ ಮತ್ತೇನಿರಬಹುದು?" ಎರಡನೇ ಭಾಗವನ್ನು ಮನಸ್ಸಿಟ್ಟು ಕೇಳಿ. ನನ್ನ ಗೆಳತಿಗೂ ಇವೇ ಲಕ್ಷಣಗಳಿದ್ದವು, ಕೊನೆಗೆ ಸಿಕ್ಕಿದ್ದು ಕಬ್ಬಿಣದ ಕೊರತೆ. ಬಿ12 ಕೊರತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ ಕೂಡ ಹೀಗೇ ಕಾಣಿಸಬಹುದು. ಬೇರೆಯವರ ಥೈರಾಯ್ಡ್ ಮಾತ್ರೆಯನ್ನು ಮಾತ್ರ ನುಂಗಬೇಡಿ. ಅದು ಜಾಸ್ತಿಯಾದರೆ ಎದೆ ಡವಡವ ಅನ್ನುತ್ತದೆ, ಮೂಳೆ ಸವೆಯುತ್ತದೆ.

ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. "ಇವಳು ಮೊದಲು ಹೀಗಿರಲಿಲ್ಲ" ಅನ್ನುವ ನನ್ನ ಗಂಡನ ಒಂದು ಮಾತಿಗೆ ನನ್ನ ಎರಡು ವರ್ಷದ ದೂರಿಗಿಂತ ಬೆಲೆ ಸಿಕ್ಕಿತು. ಸಿಟ್ಟು ಬಂತು, ಆದರೂ ಕೆಲಸ ಆಯಿತಲ್ವಾ.

ಕುತ್ತಿಗೆಯಲ್ಲಿ ಊತ ಕಂಡರೆ, ನುಂಗಲು ಕಷ್ಟವಾದರೆ, ಬಸುರಿಯಾಗಿದ್ದರೆ ಈ ನೋಟ್‌ಬುಕ್ಕಿಗೆಲ್ಲ ಕಾಯದೆ ಬೇಗ ತೋರಿಸಿ.

ಮಾತ್ರೆ ಶುರುವಾದ ಮೇಲೂ ಬರೆಯುತ್ತಿರಿ. ಎರಡನೇ ವಾರಕ್ಕೇ "ಏನೂ ಆಗಿಲ್ಲ" ಅಂತ ನಾನು ಜಗಳಕ್ಕೆ ಹೋಗಿದ್ದೆ. ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ನೋಡಿಯೇ ಡೋಸ್ ಸರಿಮಾಡುವುದು. ಮಾತ್ರೆ ಖಾಲಿ ಹೊಟ್ಟೆಗೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಡುವೆ ನಾಲ್ಕು ಗಂಟೆ ಬಿಡಿ. ನಾನು ಎರಡನ್ನೂ ಒಟ್ಟಿಗೆ ನುಂಗಿ ಒಂದು ತಿಂಗಳು ಹಾಳು ಮಾಡಿಕೊಂಡೆ.