ಟೆಸ್ಟೋಸ್ಟೆರಾನ್ 268ರಿಂದ 431ಕ್ಕೆ: ನನ್ನ ಹದಿನಾಲ್ಕು ತಿಂಗಳು

ಕಲಬುರಗಿಯ ನೆಹರು ಗಂಜ್‌ನಲ್ಲಿ ನನ್ನದೊಂದು ಅಡತ್ ಅಂಗಡಿ ಇದೆ. ತೊಗರಿ, ಕಡಲೆ, ಹೆಸರು. ನನಗೀಗ 53 ವರ್ಷ. ಟೆಸ್ಟೋಸ್ಟೆರಾನ್ ಅಂದರೆ ಗಂಡಸರ ಮುಖ್ಯ ಲೈಂಗಿಕ ಹಾರ್ಮೋನ್. ಅದು ಕಡಿಮೆಯಾಗುವ ವಿಷಯವನ್ನು ನಮ್ಮ ವಯಸ್ಸಿನ ಗಂಡಸರು ಹೆಂಡತಿ ಹತ್ತಿರವೂ ಮಾತಾಡಲ್ಲ, ಡಾಕ್ಟರ್ ಹತ್ತಿರವೂ ಮಾತಾಡಲ್ಲ. ರಾತ್ರಿ ಮೊಬೈಲ್‌ನಲ್ಲಿ ಹುಡುಕಿ, ಕಂಡ ಗುಳಿಗೆ ಬಾಟ್ಲಿ ತರಿಸ್ತಾರೆ. ನಾನೂ ತರಿಸಿದ್ದೆ. ಅದಕ್ಕೇ ಬರೀತಿದ್ದೇನೆ.

ಶುರುವಾಗಿದ್ದು ಸುಸ್ತಿನಿಂದ. ಮಧ್ಯಾಹ್ನ ಊಟ ಆಯ್ತು ಅಂದರೆ ಗಾದಿ ಮೇಲೆ ಕೂತಲ್ಲೇ ಕಣ್ಣು ಮುಚ್ಚುತ್ತಿತ್ತು. ಮೊದಲೆಲ್ಲ ಚೀಲದಿಂದ ಒಂದು ಮುಷ್ಟಿ ತೊಗರಿ ತೆಗೆದು, ಒಂದು ಕಾಳು ಹಲ್ಲಲ್ಲಿ ಕಚ್ಚಿದರೆ ಸಾಕು, ಎಷ್ಟು ಒಣಗಿದೆ ಅಂತ ಹೇಳುತ್ತಿದ್ದೆ. ಈಗ ಮಾಲಿನ ಮೇಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಹಮಾಲರ ಮೇಲೆ ಸುಮ್ನೆ ಸಿಟ್ಟು. ಹೆಂಡತಿಯ ಮೇಲೆ ಪ್ರೀತಿ ಇತ್ತು, ಆಸೆ ಇರಲಿಲ್ಲ. ಬೆಳಗ್ಗೆ ಏಳುವಾಗ ಗಂಡಸರಿಗೆ ತಾನಾಗಿ ಆಗುವ ಬಿಗಿತವೂ ನಿಂತು ತಿಂಗಳುಗಳಾಗಿದ್ದವು. ವಯಸ್ಸಾಯ್ತು, ಇನ್ನೇನು ಅಂದುಕೊಂಡೆ.

ಆಗಲೇ ಆ ಬಾಟ್ಲಿ ಬಂದಿದ್ದು. ಪೂರ್ತಿ ಗಿಡಮೂಲಿಕೆ ಅಂತ ಬರೆದಿತ್ತು. ಎರಡು ದಿನ ತಿಂದೆ. ತಲೆನೋವು ಬಂತು, ಮುಖವೆಲ್ಲ ಬಿಸಿ ಬಿಸಿ. ಡಾಕ್ಟರ್ ಬಾಟ್ಲಿ ತಿರುಗಿಸಿ ನೋಡಿ, ಇಂಥ ಗುಳಿಗೆಗಳಲ್ಲಿ ಹೇಳದೆ ಕೇಳದೆ ಸಿಲ್ಡೆನಾಫಿಲ್ (ವಯಾಗ್ರಾದಲ್ಲಿರುವ ಔಷಧಿ) ಬೆರೆಸಿರೋದು ಎಷ್ಟೋ ದೇಶಗಳಲ್ಲಿ ಸಿಕ್ಕಿದೆ ಅಂದರು. ಅದು ರಕ್ತನಾಳ ಹಿಗ್ಗಿಸುತ್ತದೆ, ಅಷ್ಟೇ. ಹಾರ್ಮೋನ್ ಹೆಚ್ಚಿಸುವುದಿಲ್ಲ. ಹೃದಯಕ್ಕೆ ನೈಟ್ರೇಟ್ ಗುಳಿಗೆ ತಗೊಳ್ಳುವವರು ಗೊತ್ತಿಲ್ಲದೆ ಇದನ್ನು ನುಂಗಿದರೆ ಬಿಪಿ ದಿಢೀರ್ ಕುಸಿದು ಜೀವಕ್ಕೇ ಕುತ್ತು. ದಯವಿಟ್ಟು ಯಾರೂ ತರಿಸಬೇಡಿ.

ರಕ್ತ ಪರೀಕ್ಷೆಯಲ್ಲೂ ಒಂದು ತಪ್ಪು ಮಾಡಿದ್ದೆ. ಅಂಗಡಿಯಿಂದ ಎದ್ದು ಸಂಜೆ 4 ಗಂಟೆಗೆ ಹೋಗಿ ರಕ್ತ ಕೊಟ್ಟೆ. ಟೆಸ್ಟೋಸ್ಟೆರಾನ್ 212 ಅಂತ ಬಂತು. ಪರಿಚಯದ ಜಿಮ್ ತರಬೇತುದಾರನೊಬ್ಬ ರಿಪೋರ್ಟ್ ನೋಡಿ, "ಮಾಮಾ, ವಾರಕ್ಕೊಂದು ಇಂಜೆಕ್ಷನ್ ತಗೋರಿ, ಇಪ್ಪತ್ತರ ಹುಡ್ಗ ಆಗ್ತೀರಿ" ಅಂದ. ನನಗೂ ಆಸೆ ಆಯ್ತು.

ಡಾಕ್ಟರ್ ಆ ರಿಪೋರ್ಟ್ ಪಕ್ಕಕ್ಕಿಟ್ಟರು. "ಈ ಹಾರ್ಮೋನ್ ಬೆಳಗ್ಗೆ ಜಾಸ್ತಿ ಇರ್ತದ, ಸಂಜಿಗೆ ಇಳಿತದ. ಉಂಡ ಮ್ಯಾಲೂ ಇಳಿತದ. ಖಾಲಿ ಹೊಟ್ಟಿಲೆ ಬೆಳಗ್ಗೆ ಕೊಡ್ರಿ. ಒಮ್ಮೆ ಅಲ್ಲ, ಎರಡು ದಿನ ಬ್ಯಾರೆ ಬ್ಯಾರೆ." ಬೆಳಗ್ಗೆ 7ರಿಂದ 10ರ ಒಳಗೆ ಕೊಡಬೇಕು. ಜ್ವರ ಬಂದಾಗ ಕೊಡಬಾರದು. ಹಾಗೆ ಕೊಟ್ಟಾಗ ಒಂದು ದಿನ 268, ಇನ್ನೊಂದು ದಿನ 281 ಬಂತು. ಡೆಸಿಲೀಟರ್ ರಕ್ತದಲ್ಲಿ ಇಷ್ಟು ನ್ಯಾನೋಗ್ರಾಂ ಅಂತ ಲೆಕ್ಕ. ಬಹಳ ಡಾಕ್ಟರುಗಳು 300ಕ್ಕಿಂತ ಕೆಳಗಿದ್ದು, ಜೊತೆಗೆ ಲಕ್ಷಣವೂ ಇದ್ದರೆ ಕಡಿಮೆ ಅಂತಾರೆ. ಜೊತೆಗೆ ಎಲ್‌ಎಚ್, ಪ್ರೊಲ್ಯಾಕ್ಟಿನ್ ಅನ್ನುವ ಬೇರೆ ಹಾರ್ಮೋನ್‌ಗಳು, ಥೈರಾಯ್ಡ್, ಸಕ್ಕರೆ ಎಲ್ಲ ನೋಡಿದರು.

ವಯಸ್ಸಿನ ಜೊತೆ ಟೆಸ್ಟೋಸ್ಟೆರಾನ್ ಇಳಿಯೋದು ನಿಜ. ಆದರೆ ಸುಮಾರು ವರ್ಷಕ್ಕೆ ಶೇಕಡಾ ಒಂದರಷ್ಟು, ನಿಧಾನಕ್ಕೆ. ನನ್ನದು ಇಷ್ಟು ಬೀಳೋಕೆ ಬರೀ ವಯಸ್ಸು ಕಾರಣ ಆಗಿರಲಿಲ್ಲ. ನನ್ನ ತೂಕ 91 ಕಿಲೋ, ಸೊಂಟ 41 ಇಂಚು, ಎತ್ತರ ಐದಡಿ ಆರಿಂಚು. ಮೂರು ತಿಂಗಳ ಸಕ್ಕರೆಯ ಸರಾಸರಿ (ಎಚ್‌ಬಿಎ1ಸಿ) 6.3, ಅಂದರೆ ಡಯಾಬಿಟಿಸ್‌ನ ಹೊಸ್ತಿಲು. ಹೊಟ್ಟೆಯ ಕೊಬ್ಬು ಸುಮ್ನೆ ಕೂತಿರೋದಿಲ್ಲ. ಅದರಲ್ಲಿ ಅರೋಮಟೇಸ್ ಅನ್ನುವ ಕಿಣ್ವ ಇರುತ್ತದೆ. ಅದು ಇರುವ ಟೆಸ್ಟೋಸ್ಟೆರಾನನ್ನೇ ಈಸ್ಟ್ರೋಜನ್, ಅಂದರೆ ಹೆಂಗಸರ ಹಾರ್ಮೋನ್ ಮಾಡಿಬಿಡುತ್ತದೆ.

ಜಿಮ್‌ನವನು ಹೇಳಿದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಿದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಕಳಿಸಿ, ವೃಷಣಗಳಿಗೆ ಇಷ್ಟು ತಯಾರಿಸು ಅಂತ ಹೇಳುತ್ತದೆ. ಹೊರಗಿನಿಂದ ಹಾರ್ಮೋನ್ ಬಂದರೆ ಅದು ಹೇಳೋದು ನಿಲ್ಲಿಸುತ್ತದೆ. ನನಗೆ ತಕ್ಷಣ ತಿಳೀತು. ಹೊರಗಿನ ಬೇಳೆ ಬಂದು ಗೋದಾಮು ತುಂಬಿದರೆ ಊರಿನ ದಾಲ್ ಮಿಲ್ ಯಾಕೆ ಓಡ್ತದೆ? ವೃಷಣಗಳು ಸಣ್ಣಗಾಗುತ್ತವೆ, ವೀರ್ಯಾಣು ಬಹಳ ಕಡಿಮೆ ಆಗಬಹುದು, ಪೂರ್ತಿ ನಿಲ್ಲಲೂಬಹುದು, ರಕ್ತ ಗಟ್ಟಿಯಾಗಬಹುದು. ನನಗೆ ಇಬ್ಬರು ದೊಡ್ಡ ಮಕ್ಕಳಿದ್ದಾರೆ. ಇನ್ನೂ ಮದುವೆ ಆಗದ ಹುಡುಗರು ಜಿಮ್‌ನಲ್ಲಿ ಇದನ್ನೇ ಚುಚ್ಚಿಸಿಕೊಳ್ಳೋದು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಪಿಟ್ಯುಟರಿಯಲ್ಲೇ ಗಡ್ಡೆ ಇದ್ದವರಿಗೆ, ವೃಷಣವೇ ಕೆಟ್ಟವರಿಗೆ ಔಷಧಿ ಬೇಕೇ ಬೇಕು. ನನ್ನ ಬೇರೆ ರಿಪೋರ್ಟ್‌ಗಳಲ್ಲಿ ಅಂಥದ್ದೇನೂ ಇರಲಿಲ್ಲ. ಅದಕ್ಕೇ ಡಾಕ್ಟರ್ ಒಂದು ವರ್ಷ ಟೈಮ್ ಕೊಟ್ಟರು.

ಮೊದಲು ಹಿಡಿದಿದ್ದು ನಿದ್ದೆ. ಅದು ಹೆಂಡತಿಯಿಂದ. "ರಾತ್ರಿ ಗೊರಕಿ ಹೊಡೀತಾ ಹೊಡೀತಾ ಉಸ್ರೇ ನಿಂತ್ಬಿಡ್ತದ್ರಿ ನಿಮ್ದು. ಮತ್ತ ಬರೋ ತನಕ ನಾ ಎದ್ದು ಕುಂತಿರ್ತೀನಿ, ಹೆದರಿಕಿ ಆಗ್ತದ" ಅಂದಳು. ಎಷ್ಟು ದಿನದಿಂದ ಅಂತ ಕೇಳಿದೆ. ಎರಡು ವರ್ಷ ಆಯ್ತು ಅಂದಳು. ಆ ಮಾತು ಈಗಲೂ ನೆನಪಾಗುತ್ತದೆ. ಪರೀಕ್ಷೆ ಮಾಡಿಸಿದಾಗ ಸ್ಲೀಪ್ ಆಪ್ನಿಯಾ ಬಂತು, ಪುಣ್ಯಕ್ಕೆ ಶುರುವಿನ ಹಂತ. ಅಂಗಾತ ಮಲಗೋದು ಬಿಟ್ಟು ಮಗ್ಗುಲಾಗಿ ಮಲಗೋದು, ತೂಕ ಇಳಿಸೋದು, ಮೂರು ತಿಂಗಳಿಗೆ ಮತ್ತೆ ತೋರಿಸೋದು ಅಂತ ಆಯ್ತು.

ನಮ್ಮೂರ ಬೇಸಿಗೆ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ 42, 43 ಡಿಗ್ರಿ. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ನಾನು ಹೊರಸು ಮಾಳಿಗೆ ಮೇಲೆ ಹಾಕಿಸಿಕೊಂಡೆ. ಸಂಜೆ ಏಳಕ್ಕೆ ಮಾಳಿಗೆಗೆ ಎರಡು ಕೊಡ ನೀರು ಚೆಲ್ಲೋದು, ಹತ್ತಕ್ಕೆ ಮಲಗೋದು, ಮೊಬೈಲ್ ಕೆಳಗೇ ಬಿಡೋದು. ಮೊದಲು ಐದು ತಾಸು ಮಲಗುತ್ತಿದ್ದವನು ಏಳು ತಾಸಿಗೆ ಬಂದೆ. 2011ರಲ್ಲಿ ಅಮೆರಿಕದಲ್ಲಿ ಹತ್ತು ಜನ ಆರೋಗ್ಯವಂತ ಯುವಕರನ್ನು ಒಂದು ವಾರ ದಿನಕ್ಕೆ ಐದೇ ತಾಸು ಮಲಗಿಸಿ ನೋಡಿದ್ದರು. ಹಗಲಿನ ಟೆಸ್ಟೋಸ್ಟೆರಾನ್ ಶೇಕಡಾ 10ರಿಂದ 15ರಷ್ಟು ಇಳಿದಿತ್ತು. ಹುಡುಗರಿಗೇ ಹಾಗಾದರೆ ನಮ್ಮ ಗತಿ?

ಆಮೇಲೆ ಚಾ. ಗಂಜ್‌ನಲ್ಲಿ ವ್ಯಾಪಾರ ಅಂದರೆ ಚಾ. ಒಂದು ದಿನ ಪ್ರತಿ ಕಪ್ಪಿಗೆ ಒಂದು ತೊಗರಿ ಕಾಳು ಗಲ್ಲಾದ ಮೂಲೆಯಲ್ಲಿ ಇಡುತ್ತಾ ಹೋದೆ. ಸಂಜೆ ಎಣಿಸಿದರೆ ಒಂಬತ್ತು. ಕಪ್ಪಿಗೆ ಎರಡು ಚಮಚದಂತೆ ಹದಿನೆಂಟು ಚಮಚ ಸಕ್ಕರೆ. ಈಗ ಎರಡೇ ಕಪ್, ಸಕ್ಕರೆ ಇಲ್ಲದೆ. ಬಂದವರಿಗೆ ಚಾ ತರಿಸ್ತೀನಿ, ನಾನು ಮಜ್ಜಿಗೆ ಕುಡೀತೀನಿ. ಯಾರೂ ಬೇಜಾರು ಮಾಡ್ಕೊಂಡಿಲ್ಲ.

ಊಟದಲ್ಲಿ ಹೊಸದೇನೂ ತರಲಿಲ್ಲ. ನಮ್ಮ ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. ಎರಡು ಜೋಳದ ರೊಟ್ಟಿ, ಗಟ್ಟಿ ಬ್ಯಾಳಿ ಒಂದು ದೊಡ್ಡ ಬಟ್ಟಲು, ಪುಂಡಿ ಪಲ್ಯ, ಮೊಸರು, ನೆನೆಸಿದ ಕಡಲೆ. ಅನ್ನ ಒಂದು ಸೌಟಿಗೆ ಇಳೀತು. ಮಿರ್ಚಿ ಭಜಿ ವಾರಕ್ಕೊಮ್ಮೆ. ಶುರುವಿನಲ್ಲಿ ಎಣ್ಣೆ, ಶೇಂಗಾ ಎಲ್ಲ ಬಿಟ್ಟಿದ್ದೆ. ಡಾಕ್ಟರ್ ಬೈದರು. ಈ ಹಾರ್ಮೋನ್ ತಯಾರಾಗೋದೇ ಕೊಲೆಸ್ಟ್ರಾಲ್‌ನಿಂದ, ಕೊಬ್ಬನ್ನು ಪೂರ್ತಿ ಬಿಟ್ಟರೆ ಟೆಸ್ಟೋಸ್ಟೆರಾನ್ ಇಳಿಯಬಹುದು ಅಂದರು. ಶೇಂಗಾ ಹಿಂಡಿ ಮತ್ತೆ ತಟ್ಟೆಗೆ ಬಂತು. ಹಸಿವೂ ಹಿಡಿತಕ್ಕೆ ಬಂತು.

ಬೆಳಗ್ಗೆ ಐದೂವರೆಗೆ ಅಪ್ಪನ ಕೆರೆ ಸುತ್ತ ನಲವತ್ತು ನಿಮಿಷ ನಡಿಗೆ. ಆದರೆ ನಡಿಗೆಯಿಂದ ತೋಳಿಗೆ, ಬೆನ್ನಿಗೆ ಬಲ ಬರಲ್ಲ. ಚಿಕ್ಕವನಿದ್ದಾಗ ತಾಲೀಮಿನಲ್ಲಿ ದಂಡ, ಬೈಠಕ್ ಹೊಡೆದವನು ನಾನು. ಅದನ್ನೇ ಮತ್ತೆ ಶುರು ಮಾಡಿದೆ, ಐದೈದರಿಂದ. ಒಂದು ಗೋಣಿಚೀಲಕ್ಕೆ ಮರಳು ತುಂಬಿ, ಬಾಯಿ ಹೊಲಿದು, ಅಂಗಡಿಯ ಕಾಟಾ ಮೇಲಿಟ್ಟೆ. ಹತ್ತು ಕಿಲೋ. ಎದೆಗಪ್ಪಿಕೊಂಡು ಕೂತು ಏಳೋದು, ನೆಲದಿಂದ ಎತ್ತಿ ಹೆಗಲಿಗಿಡೋದು, ಇಳಿಸೋದು. ಬೆನ್ನು ಬಾಗದಂತೆ ಎತ್ತೋದನ್ನು ಹಮಾಲಿ ಕಾಕಾ ಕಲಿಸಿದ. "ಸೊಂಟ ಬಾಗಿಸಬ್ಯಾಡ್ರಿ ಸಾವ್ಕಾರ್ರೆ, ಮಣಕಾಲು ಬಾಗಿಸ್ರಿ. ಚೀಲ ಮೈಗೆ ಅಂಟಿರ್ಬೇಕು." ಮೂವತ್ತು ವರ್ಷ ಚೀಲ ಹೊತ್ತ ಮನುಷ್ಯನ ಮಾತು. ವಾರಕ್ಕೆ ಮೂರು ದಿನ, ತಿಂಗಳಿಗೊಮ್ಮೆ ಎರಡು ಕಿಲೋ ಮರಳು ಜಾಸ್ತಿ. ಈಗ ಆ ಚೀಲ 34 ಕಿಲೋ ಇದೆ. ಅದೇ ಕಾಟಾ ಮೇಲೆ ಪ್ರತಿ ಸೋಮವಾರ ನಾನೂ ನಿಲ್ಲುತ್ತೇನೆ.

ಎಲ್ಲ ನೇರವಾಗಿ ನಡೀಲಿಲ್ಲ. ಆರನೇ ತಿಂಗಳಿಗೆ ತೂಕ 84, ಟೆಸ್ಟೋಸ್ಟೆರಾನ್ 352. ಆಮೇಲೆ ತೊಗರಿ ಸೀಜನ್ ಬಂತು. ಜನವರಿ ಪೂರ್ತಿ ಲಾರಿ, ಲೆಕ್ಕ, ರಾತ್ರಿ ಹನ್ನೆರಡು. ಎರಡು ಕಿಲೋ ಏರಿದೆ, ಮತ್ತೆ ಅದೇ ಸಿಟ್ಟು, ಅದೇ ತೂಕಡಿಕೆ. ಈ ಸಲ ಕಾರಣ ಗೊತ್ತಿತ್ತು. ರಾತ್ರಿ ಲೆಕ್ಕಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಂಡೆ. ಅವನ ಪಗಾರ ನನ್ನ ಔಷಧಿ ಖರ್ಚು ಅಂತ ಬರೆದುಕೊಂಡೆ.

ಹದಿನಾಲ್ಕನೇ ತಿಂಗಳಿಗೆ ತೂಕ 78, ಸೊಂಟ 36, ಸಕ್ಕರೆ 5.6, ಟೆಸ್ಟೋಸ್ಟೆರಾನ್ 431. ಆದರೆ ರಿಪೋರ್ಟಿಗಿಂತ ಮೊದಲೇ ನನಗೆ ಗೊತ್ತಾಗಿತ್ತು. ಎಂಟನೇ ತಿಂಗಳ ಹೊತ್ತಿಗೇ ಬೆಳಗಿನ ಆ ಲಕ್ಷಣ ತಿರುಗಿ ಬಂದಿತ್ತು. ಹೆಂಡತಿ ಈಗ ರಾತ್ರಿ ಎದ್ದು ಕೂರೋದಿಲ್ಲ. ಇಬ್ಬರೂ ಮಾಳಿಗೆ ಮೇಲೆ ಮಲಗಿ ಮದುವೆಯಾದ ಹೊಸದರಲ್ಲಿ ಮಾತಾಡುತ್ತಿದ್ದ ಹಾಗೆ ಮಾತಾಡುತ್ತೇವೆ.

ಹೋದ ವಾರ ಅಕ್ಕನ ಗಂಡ ಅಂಗಡಿಗೆ ಬಂದು, ಎಲ್ಲರೂ ಹೋಗೋ ತನಕ ಕೂತಿದ್ದು, ಮೆಲ್ಲಗೆ ತಮ್ಮ ಕಷ್ಟ ಹೇಳಿಕೊಂಡರು. ಸೋಮವಾರ ಬೆಳಗ್ಗೆ ಏಳೂವರೆಗೆ ನಾನೇ ಕರಕೊಂಡು ಹೋಗುತ್ತಿದ್ದೇನೆ. ಚಾ ಸಹ ಕುಡೀದೆ ಬರ್ರಿ ಭಾವಾ ಅಂತ ಹೇಳಿದ್ದೇನೆ.