ಬಾಲ್ಕನಿ ಮೋಲ್ಡ್ ಹಾಕುವಾಗ ಮೇಲಿನ ಕಂಬಿ ಮೇಲೆ ಕಣ್ಣಿರಲಿ

ಮನೆ ಸೈಟುಗಳನ್ನು ನೋಡಿಕೊಳ್ಳುವ ಸ್ಟ್ರಕ್ಚರಲ್ ಇಂಜಿನಿಯರ್‌ಗಳಿಗೆ ಒಂದು ಮಾತು. ಹಿಂದಿನ ದಿನ ಕಂಬಿ ಚೆಕ್ ಮಾಡಿ ಸಹಿ ಹಾಕಿ ಬಂದರೆ ಸಾಲದು. ಬಾಲ್ಕನಿ, ಸಜ್ಜದಂಥ ಕ್ಯಾಂಟಿಲಿವರ್ (ಒಂದೇ ಕಡೆ ಹಿಡಿತವಿದ್ದು ಹೊರಗೆ ಚಾಚಿದ ಭಾಗ) ಇದ್ದರೆ ಕಾಂಕ್ರೀಟ್ ಬೀಳುವಾಗ ಅಲ್ಲೇ ಇರಿ.

ಕ್ಯಾಂಟಿಲಿವರ್‌ನಲ್ಲಿ ಎಳೆತ ಇರುವುದು ಮೇಲೆ, ಮುಖ್ಯ ಕಂಬಿಯೂ ಮೇಲೆ. ಆದರೆ ಬಾಂಡ್ಲಿ ಹೊತ್ತವರು ಓಡಾಡುವುದು ಅದರ ಮೇಲೇ ಅಲ್ವಾ? ತುಳಿದೂ ತುಳಿದೂ ಕಂಬಿ ಕೆಳಗೆ ಕೂರುತ್ತದೆ. ಲೆಕ್ಕ ನೋಡಿ: ಸ್ಲ್ಯಾಬ್ ದಪ್ಪ 125 ಮಿ.ಮೀ., ಕವರ್ (ಕಂಬಿ ಮೇಲಿನ ಕಾಂಕ್ರೀಟ್) 20, ಕಂಬಿಯ ವ್ಯಾಸ 10. ಎಫೆಕ್ಟಿವ್ ಡೆಪ್ತ್, ಅಂದರೆ ಕಂಬಿಯ ನಡುವಿನಿಂದ ಸ್ಲ್ಯಾಬ್ ತಳದವರೆಗಿನ ಆಳ, 100 ಮಿ.ಮೀ. ಕಂಬಿ 40 ಮಿ.ಮೀ. ಇಳಿದರೆ ಉಳಿಯುವುದು 60. ಬಲದಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಹೋಯಿತು! ಮೇಲಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಅದಕ್ಕೇ ಕಂಬಿ ಚೂರಿನಲ್ಲಿ ಗಟ್ಟಿ ಚೇರ್ (ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಸ್ಟ್ಯಾಂಡ್) ಮಾಡಿಸಿ, ಹತ್ತಿರ ಹತ್ತಿರ ಇಡಿಸಿ. ಮುರಿದ ಇಟ್ಟಿಗೆ, ಜಲ್ಲಿ ಕೊಟ್ಟು ಎತ್ತಿದರೆ ಒಪ್ಪಬೇಡಿ. ಓಡಾಡಲು ಹಲಗೆ ಹಾಕಿಸಿ. ಹಲಗೆಯ ಭಾರ ಕಂಬಿ ಮೇಲೆ ಬೀಳದಂತೆ ಅದಕ್ಕೆ ಬೇರೆ ಆಸರೆ ಇರಬೇಕು. "ಇಷ್ಟು ವರ್ಷ ಹೀಗೇ ಹಾಕಿದ್ದೀವಿ ಸಾರ್" ಅಂತ ಮೇಸ್ತ್ರಿ ಹೇಳೇ ಹೇಳುತ್ತಾರೆ. ಸುಮ್ನೆ ವಾದ ಬೇಡ, ಟೇಪ್ ಹಿಡಿದು ಅಳೆದು ತೋರಿಸಿ. ಕಾಂಕ್ರೀಟ್ ಹಾಕುವ ಮುಂಚೆ ಟೇಪ್ ಕಾಣುವ ಹಾಗೆ ಒಂದು ಫೋಟೋನೂ ತೆಗೆದಿಡಿ.

ಸೆಂಟ್ರಿಂಗ್ ಬಿಚ್ಚುವಾಗ ಆಸರೆಯನ್ನು ತುದಿಯಿಂದ ಗೋಡೆ ಕಡೆಗೆ ತೆಗೆಸುತ್ತಾ ಬನ್ನಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರಲ್ಲಿ, ಗೋಡೆಯಿಂದ ಗೋಡೆಗೆ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ ಹೇಳಿರುವ 7 ದಿನವನ್ನು ಬಾಲ್ಕನಿಗೂ ಹಚ್ಚಲು ಹೋಗಬೇಡಿ. ನಾನಂತೂ 28 ದಿನ ಆಸರೆ ಹಾಗೇ ಇರಿಸುತ್ತೇನೆ, ಮಾಲೀಕರು ಎಷ್ಟೇ ಅವಸರ ಮಾಡಲಿ.