ಡಾಲರ್ ಏರಿದ ದಿನ ಟಿಕೆಟ್ ಏರುತ್ತಾ? ಟಿಕೆಟ್ ಮಾರುವವನ ಅನುಭವ

ಮೈಸೂರಿನ ಕುವೆಂಪುನಗರದಲ್ಲಿ ನನ್ನದೊಂದು ಸಣ್ಣ ಟ್ರಾವೆಲ್ ಏಜೆನ್ಸಿ ಇದೆ. ಗಿರಾಕಿಗಳಲ್ಲಿ ಜಾಸ್ತಿ ಜನ ರಿಟೈರ್ ಆದವರು. ಮಗಳ ಬಾಣಂತನಕ್ಕೋ, ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೋ ಅಮೆರಿಕಕ್ಕೆ ಹೋಗಿಬರುವವರು. ಬೆಳಗ್ಗೆ ಪೇಪರ್ ಓದಿ ಮುಗಿಸಿದ ಕೂಡಲೇ ಫೋನ್ ಮಾಡುತ್ತಾರೆ.

"ಡಾಲರ್ ನಲವತ್ತು ಪೈಸೆ ಇಳಿದಿದೆಯಂತಲ್ಲಪ್ಪಾ, ಟಿಕೆಟ್ ಇಳೀತಾ ನೋಡು."

"ಇಲ್ಲ ಮೇಷ್ಟ್ರೇ, ನಿನ್ನೆಯ ರೇಟೇ ಇದೆ."

"ಏರಿದಾಗ ಮಾತ್ರ ತಕ್ಷಣ ಏರಿಸ್ತಾರೆ ಬಿಡು."

ಈ ಮಾತು ಅರ್ಧ ನಿಜ. ಬೆಂಗಳೂರಿನಿಂದ ಹೊರಡುವ ಟಿಕೆಟ್ಟಿನ ಮೂಲ ದರವನ್ನು ಏರ್‌ಲೈನ್‌ಗಳು ಸಾಮಾನ್ಯವಾಗಿ ರೂಪಾಯಿಯಲ್ಲೇ ನಿಗದಿ ಮಾಡಿಟ್ಟಿರುತ್ತವೆ. ಪ್ರಯಾಣ ಯಾವ ದೇಶದಲ್ಲಿ ಶುರುವಾಗುತ್ತದೋ ಆ ದೇಶದ ಹಣದಲ್ಲಿ ದರ. ಹಾಗಾಗಿ ಇವತ್ತು ಡಾಲರ್ ನಲವತ್ತು ಪೈಸೆ ಆಚೀಚೆ ಆದರೆ ಆ ದರ ಅಲುಗಾಡುವುದಿಲ್ಲ. ಆದರೆ ಏರ್‌ಲೈನಿನ ಖರ್ಚಿನಲ್ಲಿ ದೊಡ್ಡ ಪಾಲು ಡಾಲರಿನಲ್ಲೇ. ವಿಮಾನದ ಬಾಡಿಗೆ, ಎಂಜಿನ್ ರಿಪೇರಿ, ಬಿಡಿಭಾಗ ಎಲ್ಲಕ್ಕೂ ಡಾಲರ್ ಕೊಡಬೇಕು. ಇಂಧನದ್ದೂ ಅದೇ ಕಥೆ. ಹೊರದೇಶಕ್ಕೆ ಹಾರುವ ವಿಮಾನಕ್ಕೆ ನಮ್ಮ ಎಣ್ಣೆ ಕಂಪನಿಗಳು ಹೇಳುವ ಬೆಲೆಯೇ ಕಿಲೋಲೀಟರಿಗೆ ಇಷ್ಟು ಡಾಲರ್ ಅಂತ. ರೂಪಾಯಿ ವಾರಗಟ್ಟಲೆ ಕುಸಿಯುತ್ತಲೇ ಹೋದರೆ ಏರ್‌ಲೈನ್‌ಗಳು ಸುಮ್ನೆ ಕೂರುವುದಿಲ್ಲ.

2013ರಲ್ಲಿ ಹಾಗೆ ಆಯಿತು. ಮೇ ಶುರುವಿನಲ್ಲಿ 54 ರೂಪಾಯಿಯ ಆಸುಪಾಸು ಇದ್ದ ಡಾಲರ್ ಆಗಸ್ಟ್ ಕೊನೆಗೆ 68 ಮುಟ್ಟಿತು. ಇಂಥ ಹೊತ್ತಿನಲ್ಲಿ ಏರ್‌ಲೈನ್ ಮೊದಲು ದರಪಟ್ಟಿಗೆ ಕೈ ಹಾಕುವುದಿಲ್ಲ, ಅಗ್ಗದ ಸೀಟು ಮುಚ್ಚುತ್ತದೆ. ನಮ್ಮ ಸ್ಕ್ರೀನಿನಲ್ಲಿ ಪ್ರತಿ ಫ್ಲೈಟಿನ ಮುಂದೆ ಒಂದು ಸಾಲು ಅಕ್ಷರ, ಪ್ರತಿ ಅಕ್ಷರದ ಪಕ್ಕ ಒಂದು ಅಂಕಿ ಕಾಣುತ್ತದೆ. ಒಂದೊಂದು ಅಕ್ಷರವೂ ಒಂದೊಂದು ದರ. 9 ಅಂದರೆ ಆ ದರದಲ್ಲಿ ಒಂಬತ್ತೋ ಅದಕ್ಕಿಂತ ಜಾಸ್ತಿಯೋ ಸೀಟು ಇದೆ ಅಂತ. ನಿನ್ನೆ ಕ್ಯೂ9 ಇದ್ದದ್ದು ಇವತ್ತು ಕ್ಯೂ0 ಆಗಿರುತ್ತದೆ. ದರಪಟ್ಟಿ ಹಾಗೇ ಇರುತ್ತೆ, ಆ ದರದ ಸೀಟು ಮಾತ್ರ ಇರಲ್ಲ. ಪಟ್ಟಿ ಬದಲಾಗುವುದು ಆಮೇಲೆ. ರೂಪಾಯಿ ಚೇತರಿಸಿಕೊಂಡಾಗ ಅದೇ ಅಕ್ಷರ ಮತ್ತೆ ತೆರೆಯುತ್ತದಾ ಅಂದರೆ, ಸೀಟು ಖಾಲಿ ಹೊಡೆಯುತ್ತಿದ್ದರೆ ಮಾತ್ರ. ಮೇಷ್ಟ್ರ ಸಿಟ್ಟಿಗೆ ಕಾರಣ ಇದು.

ಟಿಕೆಟ್ಟಿನಲ್ಲಿ ಡಾಲರ್ ಜೊತೆ ನೇರವಾಗಿ ಕುಣಿಯುವ ಭಾಗ ಒಂದಿದೆ. ಅದು ತೆರಿಗೆ ಮತ್ತು ಶುಲ್ಕ. ಅಮೆರಿಕ ಸರ್ಕಾರದ ತೆರಿಗೆ ಡಾಲರಿನಲ್ಲಿ, ಲಂಡನ್ನಿನಿಂದ ವಾಪಸ್ ಹೊರಡುವಾಗಿನ ಪ್ರಯಾಣಿಕ ಸುಂಕ ಪೌಂಡಿನಲ್ಲಿ. ತಮಾಷೆ ಅಂದರೆ, ನಮ್ಮದೇ ಏರ್‌ಪೋರ್ಟಿನ ಭದ್ರತಾ ಶುಲ್ಕ ಕೂಡ ಹೊರದೇಶಕ್ಕೆ ಹೋಗುವವರಿಗೆ ಡಾಲರಿನಲ್ಲೇ. 2021ರ ಏಪ್ರಿಲ್‌ನಲ್ಲಿ ಅದನ್ನು 5.20ರಿಂದ 12 ಡಾಲರಿಗೆ ಏರಿಸಿದರು. ದೇವನಹಳ್ಳಿಯಲ್ಲಿ ನಿಂತು ಡಾಲರ್ ಲೆಕ್ಕ!

ಇಂಥ ಶುಲ್ಕಗಳೆಲ್ಲ ಸೇರಿ 150 ಡಾಲರ್ ಅಂದುಕೊಳ್ಳಿ. ಡಾಲರ್ 85 ಇದ್ದಾಗ 12,750 ರೂಪಾಯಿ, 90 ಆದಾಗ 13,500. ವ್ಯತ್ಯಾಸ 750. ಅಷ್ಟಕ್ಕೆ ಪೇಪರ್ ನೋಡುತ್ತಾ ಎರಡು ವಾರ ಕಾಯ್ದರೆ ಅಗ್ಗದ ಸೀಟೇ ಹೋಗಿಬಿಡುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದೇವರಾಜ ಮಾರುಕಟ್ಟೆಯಲ್ಲಿ ಸೇವಂತಿಗೆ ಮಾರಿನ ಬೆಲೆ ಏರುವುದು ಡೀಸೆಲ್ ದುಬಾರಿಯಾಯಿತು ಅಂತಲ್ಲ, ಅಲ್ವಾ? ಮೇ ರಜೆ, ಕ್ರಿಸ್‌ಮಸ್ ಟಿಕೆಟ್ಟಿಗೂ ಅದೇ ಮಾತು. ಹೊರಡುವ ದಿನವನ್ನು ಒಂದು ವಾರ ಆಚೀಚೆ ಮಾಡಿದರೆ ಉಳಿಯುವ ದುಡ್ಡಿನ ಮುಂದೆ ಡಾಲರಿನ ಏರಿಳಿತ ಲೆಕ್ಕಕ್ಕೇ ಬರುವುದಿಲ್ಲ.

ನಿಜವಾಗಿ ಜೇಬು ಕಚ್ಚುವುದು ಕಾರ್ಡು. ಹೊರದೇಶದ ಸೈಟಿನಲ್ಲಿ ಡಾಲರ್ ಬೆಲೆ ನೋಡಿ, ಅಗ್ಗ ಅಂತ ಇಲ್ಲಿನ ಕಾರ್ಡ್ ಉಜ್ಜಿದರೆ ಬ್ಯಾಂಕು ಮಾರ್ಕಪ್, ಅಂದರೆ ಹಣ ಬದಲಿಸಿದ್ದಕ್ಕೆ ಹೆಚ್ಚುವರಿ ಶುಲ್ಕ, ಹಾಕುತ್ತದೆ. ಸುಮಾರು ಕಾರ್ಡುಗಳಲ್ಲಿ ಅದು ಶೇಕಡಾ 3.5, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. 1,10,000 ರೂಪಾಯಿಯ ಟಿಕೆಟ್ಟಿಗೆ 3,850 ಮಾರ್ಕಪ್, 693 ಜಿಎಸ್‌ಟಿ, ಒಟ್ಟು 4,543. ಡಾಲರ್ ಐದು ರೂಪಾಯಿ ಏರಿದಾಗ ಶುಲ್ಕದಲ್ಲಿ ಹೋದ 750ರ ಆರು ಪಟ್ಟು ಇದು. ಟಿಕೆಟ್ ಕ್ಯಾನ್ಸಲ್ ಮಾಡಿದರೆ ರಿಫಂಡ್ ಬರುವುದು ಆ ದಿನದ ರೇಟಿನಲ್ಲಿ. ಮಾರ್ಕಪ್ ಸಾಮಾನ್ಯವಾಗಿ ಹೋದ ಹಾಗೇ.

ಮಕ್ಕಳು "ಅಪ್ಪಾ, ನಾನು ಇಲ್ಲಿಂದಲೇ ಬುಕ್ ಮಾಡ್ತೀನಿ, ಡಾಲರಲ್ಲಿ ಕಮ್ಮಿ ಆಗುತ್ತೆ" ಅನ್ನುತ್ತಾರೆ. ಕಮ್ಮಿ ಆಗಬಹುದು, ಆಗದೆಯೂ ಇರಬಹುದು. ಬೆಂಗಳೂರಿನಿಂದ ಶುರುವಾಗುವ ಟಿಕೆಟ್ಟನ್ನು ಸಿಯಾಟಲ್‌ನಲ್ಲಿ ಕೂತು ಕೊಂಡರೂ ಮೂಲ ದರ ರೂಪಾಯಿಯದೇ. ಸೈಟು ಅದನ್ನು ಡಾಲರಿಗೆ ತಿರುಗಿಸಿ ತೋರಿಸುತ್ತದೆ ಅಷ್ಟೆ. ಯಾವ ರೇಟಿನಲ್ಲಿ ತಿರುಗಿಸಿತು ಅನ್ನುವುದನ್ನು ನೋಡಬೇಕು. ನಾನು ಮಾಡುವುದು ಇಷ್ಟು: ಒಂದೇ ಫ್ಲೈಟು, ಒಂದೇ ದಿನ, ಎರಡು ಬೆಲೆ ಪಕ್ಕಪಕ್ಕ ಬರೆದುಕೊಂಡು ಭಾಗಿಸುತ್ತೇನೆ. ಇಲ್ಲಿ 1,08,000 ರೂಪಾಯಿ, ಅಲ್ಲಿ 1,230 ಡಾಲರ್ ಅಂದರೆ ಡಾಲರಿಗೆ 87.80 ಬಿತ್ತು. ಆ ದಿನ ಬಜಾರಿನಲ್ಲಿ ಡಾಲರ್ 90 ಇದ್ದರೆ, ರೂಪಾಯಿಯ ಟಿಕೆಟ್ಟಿಗೆ 1,200 ಡಾಲರ್ ಸಾಕು. ಮೂವತ್ತು ಡಾಲರ್ ಯಾಕೆ ಬಿಡಬೇಕು? ವಿದೇಶಿ ವ್ಯವಹಾರಕ್ಕೆ ಶುಲ್ಕ ಹಾಕದ ಕಾರ್ಡುಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಅಂಥ ಕಾರ್ಡಿದ್ದರೆ ಭಾರತದ ಸೈಟಿನಲ್ಲಿ ರೂಪಾಯಿಯಲ್ಲೇ ಕೊಡಿ ಅನ್ನುತ್ತೇನೆ. ಕಾರ್ಡ್ ತಗೊಳ್ಳದಿದ್ದರೆ ಅಪ್ಪನ ಖಾತೆಗೆ ದುಡ್ಡು ಕಳಿಸಿದರಾಯಿತು. ರೂಪಾಯಿ ಬಿದ್ದ ವಾರ ಡಾಲರ್ ಸಂಪಾದಿಸುವ ಮಗನಿಗೆ ಒಳ್ಳೆಯದೇ. ಏರ್‌ಲೈನ್ ಪಟ್ಟಿ ಬದಲಿಸುವವರೆಗೆ ಅದೇ ಟಿಕೆಟ್ ಅವನಿಗೆ ಅಗ್ಗ.

ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋಗುವ ಮಂಡಿ ಮೊಹಲ್ಲಾದವರು, ದುಬೈಗೆ ಕೆಲಸಕ್ಕೆ ಹೋಗುವ ಹುಡುಗರು "ನಮಗೇನು ಡಾಲರ್ ಬೇಕಾಗಿಲ್ಲ" ಅನ್ನುವುದುಂಟು. ಆದರೆ ದುಬೈನ ದಿರ್ಹಮ್ ಡಾಲರಿಗೇ ಕಟ್ಟಿಹಾಕಿದ ಹಣ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್. ಸೌದಿ ರಿಯಾಲ್ 3.75. ಡಾಲರ್ ಎಷ್ಟು ಏರಿತೋ ಅಷ್ಟೇ ಅವೂ ಏರುತ್ತವೆ. ಜಪಾನಿನ ಯೆನ್ ಹಾಗಲ್ಲ, ಅದು ಡಾಲರ್ ಮುಂದೆ ತನ್ನ ಪಾಡಿಗೆ ಏರಿಳಿಯುತ್ತದೆ.

ಕೊನೆಯದಾಗಿ ವಾಪಸ್ ಬರುವ ದಿನ ಬದಲಿಸುವ ವಿಚಾರ. ಬಾಣಂತನ ಒಂದು ತಿಂಗಳು ಮುಂದೆ ಹೋಗುವುದು ಮಾಮೂಲು. ಇಲ್ಲಿ ಕೊಂಡ ಟಿಕೆಟ್ಟನ್ನು ನಾನು ಬದಲಿಸಿದರೆ ಶುಲ್ಕವೂ, ದರದ ವ್ಯತ್ಯಾಸವೂ ರೂಪಾಯಿಯಲ್ಲಿ. ಅಲ್ಲಿನ ಏರ್‌ಪೋರ್ಟ್ ಕೌಂಟರಿಗೆ ಹೋದರೆ ಡಾಲರಿನಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಅದಕ್ಕೇ ಮೊದಲು ನನಗೊಂದು ವಾಟ್ಸ್‌ಆ್ಯಪ್ ಹಾಕಿ ಅಂತ ಹೇಳಿ ಕಳಿಸುತ್ತೇನೆ. ಅಲ್ಲಿ ರಾತ್ರಿ ಊಟ ಮುಗಿಸುವ ಹೊತ್ತಿಗೆ ಇಲ್ಲಿ ಅಂಗಡಿ ತೆರೆದಿರುತ್ತೆ.